ಕೇಂಬ್ರಿಡ್ಜ್ ಸುತ್ತಮುತ್ತ ಹಿರಿಯರು, ಮಕ್ಕಳ ಜೊತೆ ಸಮತಟ್ಟು ನಡಿಗೆ: ಫೆನ್ ಕಡೆ, ಹೊಳೆ ದಂಡೆ ಕಡೆ ಎಲ್ಲಿ ಹೋಗಬಹುದು?

ಶಿವಮೊಗ್ಗದವಳು

ಎಲ್ಲರಿಗೂ ನಮಸ್ಕಾರ. ನಾವು ಕೇಂಬ್ರಿಡ್ಜ್‌ನ ಉತ್ತರ ಭಾಗದಲ್ಲಿ ಇದ್ದೇವೆ. ಮೇ ತಿಂಗಳಲ್ಲಿ ಅತ್ತೆ, ಮಾವ ಊರಿಂದ ಬರುತ್ತಿದ್ದಾರೆ. ಆಗಸ್ಟ್‌ವರೆಗೆ ಇರುತ್ತಾರೆ. ಮಾವನಿಗೆ ನಡೆಯೋದು ಅಂದರೆ ಬಹಳ ಇಷ್ಟ. ಅತ್ತೆಗೆ ಮಂಡಿ ನೋವು, ಏರು ಹತ್ತಲು ಆಗುವುದಿಲ್ಲ. ಮಗಳಿಗೆ ಆರು ವರ್ಷ, ಮಗ ಇನ್ನೂ ಬಗ್ಗಿಯಲ್ಲೇ (ಮಕ್ಕಳ ತಳ್ಳುಗಾಡಿ) ಕೂರುವವನು.

ಕಳೆದ ಸಲ ಬಂದಾಗ ಲಂಡನ್, ಮ್ಯೂಸಿಯಂ, ಕಾಲೇಜುಗಳು ಎಲ್ಲ ನೋಡಿದ್ದಾಯಿತು. ಈ ಸಲ ಸುಮ್ನೆ ಬಯಲಲ್ಲಿ ನಡೆಯುವ ಜಾಗ ಬೇಕು ಅಂತ ಮಾವ ಹೇಳಿದ್ದಾರೆ. ಬಗ್ಗಿ ಉರುಳಬೇಕು, ಹತ್ತಿ ಇಳಿಯೋದು ಇರಬಾರದು, ಟಾಯ್ಲೆಟ್ ಸಿಗಬೇಕು. ಆರು ಜನ ಆಗುತ್ತೇವೆ, ಕಾರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ರೈಲು, ಬಸ್ಸಲ್ಲಿ ಹೋಗುವಂಥದ್ದು ಇದ್ದರೆ ಇನ್ನೂ ಅನುಕೂಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಈಲಿವಾಸಿ

ಮೇಡಂ, ಮೇ ತಿಂಗಳು ಅಂದರೆ ಫೆನ್, ಅಂದರೆ ಇಲ್ಲಿಯ ಹಳೆ ಜೌಗು ಬಯಲು, ನೋಡಲು ಸರಿಯಾದ ಕಾಲ. ಕೆಸರು ಒಣಗಿರುತ್ತದೆ, ಜೊಂಡು ಹಸಿರಾಗಿರುತ್ತದೆ, ರಾತ್ರಿ ಎಂಟೂವರೆ ದಾಟಿದರೂ ಬೆಳಕಿರುತ್ತದೆ.

ಮೊದಲು ನಮ್ಮೂರು ಈಲಿಗೇ ಬನ್ನಿ. ಕೇಂಬ್ರಿಡ್ಜ್ ನಾರ್ತ್ ಸ್ಟೇಷನ್‌ನಿಂದ ಹತ್ತಿದರೆ ಕಾಲು ಗಂಟೆ ಆಜುಬಾಜು. ಈಲಿ ಸ್ಟೇಷನ್‌ನಿಂದ ಹೊರಗೆ ಬಂದು ಸ್ವಲ್ಪ ನಡೆದರೆ ಗ್ರೇಟ್ ಊಸ್ ನದಿಯ ದಂಡೆ. ಅಲ್ಲಿಂದ ದೋಣಿಗಳ ಪಕ್ಕದಲ್ಲೇ ಗಟ್ಟಿ ದಾರಿ ಇದೆ, ಬಗ್ಗಿ ಆರಾಮಾಗಿ ಹೋಗುತ್ತದೆ. ಬೆಂಚುಗಳಿವೆ, ಬಾತುಕೋಳಿ ಇವೆ, ಪಾರ್ಕಿದೆ. ಅತ್ತೆಯವರು ಅಲ್ಲೇ ಕೂತರೂ ಹೊತ್ತು ಹೋಗುತ್ತದೆ. ಇನ್ನೂ ನಡೆಯಬೇಕು ಅನ್ನುವವರು ರಾಸ್‌ವೆಲ್ ಪಿಟ್ಸ್ ಕಡೆ ಹೋಗಬಹುದು. ಅವು ಹಿಂದೆ ನದಿಯ ಏರಿ ಗಟ್ಟಿ ಮಾಡಲು ಜೇಡಿಮಣ್ಣು ತೆಗೆದ ಗುಂಡಿಗಳು. ಈಗ ನೀರು ತುಂಬಿ ಕೆರೆಗಳಾಗಿವೆ.

ಈಲಿ ಅನ್ನುವ ಹೆಸರಿಗೂ ಇಲ್ಲಿ ಸಿಗುತ್ತಿದ್ದ ಹಾವುಮೀನಿಗೂ ಸಂಬಂಧ ಇದೆ ಅಂತ 8ನೇ ಶತಮಾನದಲ್ಲೇ ಬೀಡ್ ಅನ್ನುವ ಸನ್ಯಾಸಿ ಇತಿಹಾಸಕಾರ ಬರೆದಿದ್ದಾನೆ. ಆ ಕಾಲದಲ್ಲಿ ಈಲಿ ದ್ವೀಪವೇ ಆಗಿತ್ತು, ಸುತ್ತ ಬರೀ ಜೌಗು. ಮಧ್ಯಯುಗದಲ್ಲಿ ಜನ ಗೇಣಿಯನ್ನು ಹಾವುಮೀನಿನ ಲೆಕ್ಕದಲ್ಲೇ ಕಟ್ಟುತ್ತಿದ್ದರು. ಕೆಥೀಡ್ರಲ್ ಕಟ್ಟಲು ಶುರುಮಾಡಿದ್ದು 1083ರಲ್ಲಿ. ಬಯಲಲ್ಲಿ ಎಲ್ಲಿ ನಿಂತರೂ ಅದು ಕಾಣುತ್ತದೆ. ಇಲ್ಲಿಯವರು ಅದನ್ನು 'ಫೆನ್‌ನ ಹಡಗು' ಅಂತ ಕರೆಯುತ್ತಾರೆ. ಮಗಳಿಗೆ ರೈಲಿನಿಂದಲೇ ಅದನ್ನು ಯಾರು ಮೊದಲು ನೋಡುತ್ತಾರೆ ಅಂತ ಪಂದ್ಯ ಕಟ್ಟಿ.

ಎರಡನೆಯದು ವಿಕೆನ್ ಫೆನ್. ಅದಕ್ಕೆ ಕಾರು ಬೇಕು, ಇಲ್ಲವಾದರೆ ಈಲಿಯಿಂದ ಟ್ಯಾಕ್ಸಿ ಮಾಡಬೇಕು. ಆದರೆ ಬಿಡಬೇಡಿ. ಹಳೆ ಕಟ್ಟಡ, ನಿಸರ್ಗ ತಾಣ ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ 1899ರಲ್ಲಿ 10 ಪೌಂಡ್ ಕೊಟ್ಟು ಇಲ್ಲಿ ಎರಡು ಎಕರೆ ಕೊಂಡಿತು. ಅವರ ಮೊದಲ ನಿಸರ್ಗಧಾಮ ಅದೇ. ಸುಮಾರು ಮುಕ್ಕಾಲು ಮೈಲಿ ಉದ್ದದ ಹಲಗೆ ದಾರಿ ಇದೆ. ಬಗ್ಗಿ, ಗಾಲಿಕುರ್ಚಿ ಎರಡೂ ಹೋಗುತ್ತವೆ. ಟಾಯ್ಲೆಟ್, ಕೆಫೆ ಬಾಗಿಲಲ್ಲೇ ಇವೆ. ಟ್ರಸ್ಟ್ ಸದಸ್ಯರಾಗಿದ್ದರೆ ಪ್ರವೇಶ ಉಚಿತ.

ಹಲಗೆ ದಾರಿಯಲ್ಲಿ ಮಕ್ಕಳನ್ನು ಅವಸರ ಮಾಡಬೇಡಿ. ನನ್ನ ಮಗ ಹೊಟ್ಟೆ ಅಡಿ ಮಾಡಿ ಮಲಗಿ ಕಾಲುವೆಯೊಳಗೆ ನೋಡುತ್ತಾನೆ. ನೀರು ಟೀ ಬಣ್ಣದ್ದು, ಆದರೆ ತಳ ಕಾಣುವಷ್ಟು ತಿಳಿ. ಅದರ ಮೇಲೆ ಸಣ್ಣ ಹುಳುಗಳು ಸರ್ರನೆ ಜಾರುತ್ತಿರುತ್ತವೆ. ಜೊಂಡಿನ ಕಡ್ಡಿಗೆ ಅಂಟಿಕೊಂಡ ಒಣ ಸಿಪ್ಪೆ ಸಿಗುತ್ತದೆ, ಬೆನ್ನು ಸೀಳಿರುತ್ತದೆ. ಅದರೊಳಗಿಂದ ಏರೋಪ್ಲೇನ್ ಚಿಟ್ಟೆ ಹೊರಬಂದು ಹಾರಿಹೋಗಿರುತ್ತದೆ. ಇದನ್ನು ಒಮ್ಮೆ ತೋರಿಸಿ, ಆಮೇಲೆ ಮಗು ಪ್ರತಿ ಕಡ್ಡಿಯನ್ನೂ ಹುಡುಕುತ್ತದೆ.

ಚಾರಣಪ್ರಿಯ

ನನ್ನ ಅಭಿಪ್ರಾಯ ಬೇರೆ. ಫೆನ್ ಕಡೆ ಮೈಲಿಗಟ್ಟಲೆ ಬರೀ ಹೊಲ, ಕಾಲುವೆ, ಮತ್ತೆ ಹೊಲ. ಶಿವಮೊಗ್ಗ ಕಡೆಯವರಿಗೆ, ಆಗುಂಬೆ, ಕೊಡಚಾದ್ರಿ ನೋಡಿದವರಿಗೆ ಇದು ರುಚಿಸುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಎರಡೂವರೆ ಮೂರು ಗಂಟೆ ಡ್ರೈವ್ ಮಾಡಿದರೆ ಪೀಕ್ ಡಿಸ್ಟ್ರಿಕ್ಟ್ ಸಿಗುತ್ತದೆ. ಒಂದೇ ಸಲ ಹೋಗಿ, ಒಳ್ಳೆಯದನ್ನೇ ನೋಡಿ ಬನ್ನಿ.

ನಿಧಾನ

ಮಂಡಿ ನೋವಿರುವವರನ್ನು ಮೂರು ಗಂಟೆ ಕಾರಲ್ಲಿ ಕೂರಿಸಿ ಗುಡ್ಡದ ಬುಡದಲ್ಲಿ ಇಳಿಸಿದರೆ ಅವರು ಅಲ್ಲೇ ಪಾರ್ಕಿಂಗ್‌ನಲ್ಲಿ ಕೂರಬೇಕಾಗುತ್ತದೆ ಅಲ್ವಾ? ಕೇಳಿದ್ದು ಆರೂ ಜನ ಒಟ್ಟಿಗೆ ನಡೆಯುವ ಜಾಗ.

ಈಲಿವಾಸಿ

ಚಾರಣಪ್ರಿಯ ಅವರೇ, ಏನೂ ಕಾಣುವುದಿಲ್ಲ ಅಂತ ಬಹಳ ಜನ ಹೇಳುತ್ತಾರೆ. ನೋಡುವ ಮೊದಲು ಈ ನೆಲದ ಕಥೆ ಗೊತ್ತಿರಬೇಕು. ಗೊತ್ತಿದ್ದರೆ ಇದಕ್ಕಿಂತ ವಿಚಿತ್ರವಾದ ಬಯಲು ಇಂಗ್ಲೆಂಡಲ್ಲಿ ಇನ್ನೊಂದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಈಲಿಯಿಂದ ಲಿಟಲ್‌ಪೋರ್ಟ್ ಕಡೆ ನದಿಯ ಏರಿ ಮೇಲೆ ನಡೆಯಿರಿ. ಒಂದು ಕಡೆ ನದಿ, ದೋಣಿ ತೇಲುತ್ತಿರುತ್ತದೆ. ಇನ್ನೊಂದು ಕಡೆ ತಿರುಗಿದರೆ ಹೊಲ ನಿಮ್ಮ ಕಾಲಿನ ಎಷ್ಟೋ ಕೆಳಗಿರುತ್ತದೆ. ನದಿ ಮೇಲೆ, ನೆಲ ಕೆಳಗೆ! ನೀರು ತಗ್ಗಿಗೆ ಹರಿಯುತ್ತದೆ ಅಂತ ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಟ್ಟಿರುತ್ತೇವೆ. ಇಲ್ಲಿ ಹೊಲದ ನೀರನ್ನು ಪಂಪಿನಿಂದ ಎತ್ತಿ ನದಿಗೆ ಹಾಕಬೇಕು.

ಹೀಗಾಗಲು ಕಾರಣ ಆ ಕಪ್ಪು ಮಣ್ಣು. ಪೀಟ್ ಅಂದರೆ ಸಾವಿರಾರು ವರ್ಷ ನೀರಲ್ಲಿ ಮುಳುಗಿ ಪೂರ್ತಿ ಕೊಳೆಯದೆ ಉಳಿದ ಜೊಂಡು, ಗಿಡ, ಮರ. 1630ರ ದಶಕದಲ್ಲಿ ಬೆಡ್‌ಫರ್ಡ್‌ನ ಅರ್ಲ್ ಮತ್ತು ಅವನ ಪಾಲುದಾರರು ಹಣ ಹಾಕಿದರು, ಡಚ್ ಇಂಜಿನಿಯರ್ ಕಾರ್ನೀಲಿಯಸ್ ವರ್ಮೂಯ್ಡನ್ ನೇರ ಕಾಲುವೆ ತೋಡಿಸಿದ. ಹಳೆ ಬೆಡ್‌ಫರ್ಡ್ ನದಿ 1637ರಲ್ಲಿ ಮುಗಿಯಿತು, ಹೊಸದು 1651ರಲ್ಲಿ. ಡನ್‌ಬಾರ್ ಯುದ್ಧದಲ್ಲಿ ಸೆರೆಸಿಕ್ಕ ಸ್ಕಾಟ್ಲೆಂಡಿನ ಸೈನಿಕರನ್ನೂ ಈ ಅಗೆತಕ್ಕೆ ಹಚ್ಚಿದ್ದರು. ಮೀನು, ಬಾತು, ಜೊಂಡು ನಂಬಿ ಬದುಕುತ್ತಿದ್ದ ಸ್ಥಳೀಯರು ಏರಿ ಒಡೆದು ಪ್ರತಿಭಟಿಸಿದರು. ಅವರಿಗೆ 'ಫೆನ್ ಹುಲಿಗಳು' ಅಂತಲೇ ಹೆಸರು.

ನೀರು ಬಸಿದ ಮೇಲೆ ಪೀಟ್ ಒಣಗಿ ಕುಗ್ಗತೊಡಗಿತು. ಗಾಳಿ ತಾಗಿದಂತೆ ಅದು ಕರಗಿಯೂ ಹೋಗುತ್ತದೆ. ನೆಲ ಕೆಳಗಿಳಿಯಿತು, ನದಿ ಮಾತ್ರ ಏರಿಗಳ ನಡುವೆ ಮೇಲೆಯೇ ಉಳಿಯಿತು. ಮೊದಲು ಗಾಳಿಯಂತ್ರ, ಆಮೇಲೆ ಉಗಿಯಂತ್ರ, ಈಗ ಡೀಸೆಲ್ ಮತ್ತು ವಿದ್ಯುತ್ ಪಂಪು. 1831ರ ಉಗಿಯಂತ್ರ ಇಟ್ಟ ಸ್ಟ್ರೆಟಮ್ ಓಲ್ಡ್ ಎಂಜಿನ್ ಈಗಲೂ ನಿಂತಿದೆ. ಕೆಲವೇ ದಿನ ತೆರೆದಿರುತ್ತದೆ, ನೋಡಿಕೊಂಡು ಹೋಗಿ. 1947ರ ಮಾರ್ಚ್‌ನಲ್ಲಿ ಹಿಮ ಒಮ್ಮೆಲೇ ಕರಗಿ ಏರಿಗಳು ಒಡೆದಾಗ ಈ ಬಯಲು ಮತ್ತೆ ಸಮುದ್ರದಂತೆ ತುಂಬಿಕೊಂಡಿತ್ತು.

ಕಣ್ಣಾರೆ ನೋಡಬೇಕಾದರೆ ಪೀಟರ್‌ಬರೋ ಹತ್ತಿರದ ಹೋಮ್ ಫೆನ್‌ಗೆ ಹೋಗಿ. ಅಲ್ಲಿದ್ದ ವಿಟಲ್ಸೀ ಮಿಯರ್ ಅನ್ನುವ ದೊಡ್ಡ ಕೆರೆಯನ್ನು 1851ರಲ್ಲಿ ಬಸಿದರು. ಅದೇ ಹೊತ್ತಿಗೆ ಒಂದು ಕಬ್ಬಿಣದ ಕಂಬವನ್ನು ತುದಿ ನೆಲಕ್ಕೆ ಸಮ ಆಗುವಂತೆ ಹೂತರು. ಇವತ್ತು ಆ ಕಂಬ ಸುಮಾರು 4 ಮೀಟರ್ ಹೊರಗೆ ನಿಂತಿದೆ. ಕಂಬ ಬೆಳೆದಿಲ್ಲ, ನೆಲ ಇಳಿದಿದೆ. ಮಗಳನ್ನು ಬುಡದಲ್ಲಿ ನಿಲ್ಲಿಸಿ ಮೇಲೆ ನೋಡಲು ಹೇಳಿ, ಅವಳ ಮುತ್ತಜ್ಜನ ಅಜ್ಜನ ಕಾಲದಲ್ಲಿ ಜನ ನಡೆಯುತ್ತಿದ್ದದ್ದು ಆ ತುದಿಯ ಮಟ್ಟದಲ್ಲಿ. ಸಮುದ್ರಮಟ್ಟಕ್ಕಿಂತ ಸುಮಾರು ಎರಡೂಮುಕ್ಕಾಲು ಮೀಟರ್ ಕೆಳಗಿರುವ ಆ ಜಾಗ ಬ್ರಿಟನ್ನಿನಲ್ಲೇ ಅತಿ ತಗ್ಗು. ಸುತ್ತ ಬರ್ಚ್ ಮರಗಳ ಕಾಡು, ತೆಳು ನೆರಳು. ಆದರೆ ಅಲ್ಲಿ ಟಾಯ್ಲೆಟ್ ಇಲ್ಲ, ದಾರಿ ಮಣ್ಣಿನದು. ಬಗ್ಗಿ ಬದಲು ಮಗುವನ್ನು ಕಟ್ಟಿಕೊಳ್ಳುವ ಕ್ಯಾರಿಯರ್ ಒಳ್ಳೆಯದು.

ಅಘನಾಶಿನಿ

ಈಲಿವಾಸಿಯವರು ಬರೆದದ್ದು ಓದಿ ನಮ್ಮ ಕುಮಟಾ ಕಡೆಯ ಗಜನಿ ಗದ್ದೆ ನೆನಪಾಯಿತು. ಅಘನಾಶಿನಿ ಅಳಿವೆಯಲ್ಲಿ ಒಡ್ಡು ಹಾಕಿ, ತೂಬಿನ ಬಾಗಿಲಿಟ್ಟು ಭರತದ ನೀರು ತಡೆದು ಕಗ್ಗ ಭತ್ತ ಬೆಳೆಯುತ್ತಾರೆ. ಮಳೆಗಾಲ ಮುಗಿದು ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟು ಮೀನು, ಸಿಗಡಿ. ನೀರನ್ನು ಪೂರ್ತಿ ಹೊರಗೆ ಹಾಕಲಿಲ್ಲ, ಕಾಲಕ್ಕೆ ತಕ್ಕಂತೆ ಒಳಗೂ ಬಿಟ್ಟುಕೊಂಡರು. ಇಲ್ಲಿ ಫೆನ್‌ನಲ್ಲಿ ಪೂರ್ತಿ ಬಸಿದು ನೆಲವೇ ಕುಸಿಯಿತು. ಅಪ್ಪ ಇಲ್ಲಿಗೆ ಬಂದಾಗ ಅರ್ಧ ದಿನ ಗ್ರೇಟ್ ಊಸ್ ನದಿಗೆ ಕಟ್ಟಿದ ಡೆನ್ವರ್ ತೂಬಿನ ಮುಂದೆ ನಿಂತು ಬಾಗಿಲು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿದರು. ಹಿರಿಯರಿಗೆ ಬೇಸಾಯದ ಹಿನ್ನೆಲೆ ಇದ್ದರೆ ಕರೆದುಕೊಂಡು ಹೋಗಿ. ಮಣ್ಣು ಕೈಯಲ್ಲಿ ತೆಗೆದುಕೊಂಡು ನೋಡಲಿ. ಒಣಗಿದ್ದರೆ ಹಗುರ, ಒಳಗೆ ನಾರು ನಾರಾಗಿ ಜೊಂಡಿನ ಎಳೆ ಸಿಗುತ್ತದೆ.

ಶಿವಮೊಗ್ಗದವಳು

ಇಷ್ಟೆಲ್ಲ ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಮಾವ ಅಡಿಕೆ ತೋಟ, ಗದ್ದೆ ನೋಡಿಕೊಂಡವರು. ಕಂಬ, ತೂಬು ಎರಡೂ ಅವರಿಗೆ ಖಂಡಿತ ಹಿಡಿಸುತ್ತವೆ.

ಮನೆ ಹತ್ತಿರ, ಸಂಜೆ ಶಾಲೆ ಬಿಟ್ಟ ಮೇಲೆ ಹೋಗುವಂಥದ್ದು ಯಾವುದಾದರೂ ಇದೆಯೇ? ಮತ್ತೆ ಹಸುಗಳ ಬಗ್ಗೆ ಸ್ವಲ್ಪ ಹೇಳಿ. ಕಾಮನ್‌ಗಳಲ್ಲಿ (ಊರಿನ ಗೋಮಾಳದಂಥ ಹುಲ್ಲುಗಾವಲು) ಬಿಟ್ಟಿರುತ್ತಾರಲ್ಲ, ಬಗ್ಗಿ ಇಟ್ಟುಕೊಂಡು ಹೋಗಲು ನನಗೆ ಭಯ.

ಸೈಕಲ್ ಸವಾರ

ನಿಮಗೆ ಕ್ಯಾಮ್ ನದಿಯ ದಂಡೆಯೇ ಹತ್ತಿರ. ಲಾಕ್ ಅಂದರೆ ನದಿಯಲ್ಲಿ ದೋಣಿಗಳನ್ನು ಏರಿಸಿ ಇಳಿಸುವ ನೀರಿನ ಬಾಗಿಲು. ಜೀಸಸ್ ಲಾಕ್‌ನಿಂದ ಹೊರಟು ಮಿಡ್‌ಸಮರ್ ಕಾಮನ್, ಸ್ಟೌರ್‌ಬ್ರಿಡ್ಜ್ ಕಾಮನ್ ದಾಟಿ ಗ್ರೀನ್ ಡ್ರಾಗನ್ ಸೇತುವೆಯಲ್ಲಿ ಆಚೆ ದಡಕ್ಕೆ ಹೋಗಿ. ಅಲ್ಲಿಂದ ಬೇಟ್ಸ್ ಬೈಟ್ ಲಾಕ್‌ವರೆಗೆ ನೀರಿನ ಪಕ್ಕದಲ್ಲೇ ದಾರಿ. ಸಂಜೆ ಹೊತ್ತು ಕಾಲೇಜಿನ ಹುಡುಗ ಹುಡುಗಿಯರು ದೋಣಿ ಹೊಡೆಯುತ್ತಿರುತ್ತಾರೆ, ಅವರ ಕೋಚ್ ದಡದಲ್ಲಿ ಸೈಕಲ್ ತುಳಿಯುತ್ತಾ ಕೂಗುತ್ತಿರುತ್ತಾರೆ. ಮಕ್ಕಳಿಗೆ ಅದೇ ಒಂದು ಆಟ. ದೋಣಿ ಮಾತ್ರ ನೋಡುವುದಲ್ಲ, ಆ ಸೈಕಲ್‌ಗಳನ್ನೂ ನೋಡಿಕೊಳ್ಳಿ. ಕೋಚ್‌ಗಳ ಕಣ್ಣು ನೀರಿನ ಮೇಲಿರುತ್ತದೆ. ಮಗಳನ್ನು ನದಿಯ ಬದಿಗೆ ಬಿಡದೆ ಒಳಬದಿಯಲ್ಲಿ ನಡೆಸಿ. ದಂಡೆಗೆ ಬೇಲಿ ಇಲ್ಲ.

ದಾರಿ ಮುಂದೆ ವಾಟರ್‌ಬೀಚ್‌ಗೆ ಹೋಗುತ್ತದೆ. ಅಲ್ಲಿ ರೈಲು ಸ್ಟೇಷನ್ ಇದೆ. ಮಾವ ಅಲ್ಲಿವರೆಗೆ ನಡೆದು, ರೈಲು ಹತ್ತಿ ವಾಪಸು ಬರಬಹುದು. ನಗರದ ನಡುವಿನಿಂದ ಐದಾರು ಮೈಲಿ. ಇದು ಫೆನ್ ರಿವರ್ಸ್ ವೇ ಅನ್ನುವ ಉದ್ದದ ದಾರಿಯ ಮೊದಲ ತುಂಡು. ಪೂರ್ತಿ ನಡೆದರೆ ಕಿಂಗ್ಸ್ ಲಿನ್‌ವರೆಗೆ ಸುಮಾರು 50 ಮೈಲಿ. ದಾರಿಯುದ್ದಕ್ಕೂ ವಾಟರ್‌ಬೀಚ್, ಈಲಿ, ಲಿಟಲ್‌ಪೋರ್ಟ್, ಡೌನಮ್ ಮಾರ್ಕೆಟ್ ಹೀಗೆ ರೈಲು ಸ್ಟೇಷನ್‌ಗಳಿವೆ. ಹಾಗಾಗಿ ತುಂಡು ತುಂಡಾಗಿ ನಡೆಯಲು ಇದರಷ್ಟು ಅನುಕೂಲದ ದಾರಿ ಈ ಕಡೆ ಇಲ್ಲ. ಆದರೆ ವಾಟರ್‌ಬೀಚ್ ದಾಟಿದ ಮೇಲೆ ಬರೀ ಹುಲ್ಲಿನ ಏರಿ. ಅಲ್ಲಿಗೆ ಬಗ್ಗಿ ಬೇಡ.

ಗ್ರಾಂಚೆಸ್ಟರ್ ಹಳ್ಳಿ ಎಲ್ಲರೂ ಹೇಳುತ್ತಾರೆ, ಒಳ್ಳೆಯದೇ. ಅಲ್ಲಿ ನದಿ ಪಕ್ಕದ ದಾರಿ ಕೆಸರು, ಹುಲ್ಲುಗಾವಲಿನ ಮೇಲಂಚಲ್ಲಿ ಡಾಂಬರು ದಾರಿ ಇದೆ. ಬಗ್ಗಿಗೆ ಮೇಲಿನದೇ ಹಿಡಿಯಿರಿ. ವಾರಾಂತ್ಯ ಬಿಸಿಲಿದ್ದರೆ ಜನ ಜಾಸ್ತಿ.

ನಿಧಾನ

ಹಸು ಬಗ್ಗೆ ಹೇಳುತ್ತೇನೆ. ಏಪ್ರಿಲ್‌ನಿಂದ ಶರತ್ಕಾಲದವರೆಗೆ ಕಾಮನ್‌ಗಳಲ್ಲಿ ಮೇಯಲು ಬಿಡುತ್ತಾರೆ. ಜನರನ್ನು ದಿನಾ ನೋಡಿ ಅಭ್ಯಾಸ ಆಗಿರುತ್ತದೆ. ದೂರದಿಂದ ಸುತ್ತಿ ಹೋಗಿ, ಹಸು ಮತ್ತು ಕರುವಿನ ನಡುವೆ ಹೋಗಬೇಡಿ, ಓಡಬೇಡಿ. ಅಜ್ಜಿ ಪ್ರೀತಿಯಿಂದ ಚಪಾತಿ ಕೊಡಲು ಹೋಗುತ್ತಾರೆ. ನಮ್ಮ ಅಮ್ಮನೂ ಹೊರಟಿದ್ದರು. ಬೇಡ ಅಂತ ಮೊದಲೇ ಹೇಳಿಬಿಡಿ. ಇನ್ನೊಬ್ಬರ ದನ, ಒಬ್ಬರು ತಿನ್ನಿಸಿದರೆ ಆಮೇಲೆ ಎಲ್ಲರ ಚೀಲಕ್ಕೂ ಬಾಯಿ ಹಾಕುತ್ತವೆ. ವಿಕೆನ್‌ನಲ್ಲಿರುವ ಪೋಲೆಂಡ್ ಮೂಲದ ಕೋನಿಕ್ ಕುದುರೆಗಳಿಗೂ ಇದೇ ಮಾತು. ಅವು ಸಾಕಿದ ಕುದುರೆಯಂತೆ ಸೌಮ್ಯ ಅಲ್ಲ, ದೂರ ನಿಂತು ನೋಡಿ.

ಇನ್ನೂ ಎರಡು ಮಾತು. ದಾರಿ ಬದಿಯಲ್ಲಿ ನೆಟಲ್ ಗಿಡ, ನಮ್ಮ ತುರಿಕೆ ಸೊಪ್ಪಿನ ಹಾಗೇ ಮುಟ್ಟಿದರೆ ಉರಿಯುವಂಥದ್ದು, ಸೊಂಟದ ಎತ್ತರ ಬೆಳೆದಿರುತ್ತದೆ. ಬಗ್ಗಿಯಲ್ಲಿ ಕೂತ ಮಗುವಿನ ಕೈ ಸರಿಯಾಗಿ ಅದಕ್ಕೇ ತಾಗುತ್ತದೆ. ಬೇಸಿಗೆಯಲ್ಲೂ ತೆಳು ಬಟ್ಟೆಯ ತುಂಬು ತೋಳಿನ ಅಂಗಿ ಹಾಕಿ. ಮತ್ತೆ ಗಾಳಿ! ಮರ ಇಲ್ಲ, ಗುಡ್ಡ ಇಲ್ಲ, ತಡೆಯುವುದು ಏನೂ ಇಲ್ಲ. ಮೇ ತಿಂಗಳಲ್ಲೂ ಹಿರಿಯರಿಗೆ ಕಿವಿ ಮುಚ್ಚುವ ಟೋಪಿ ಚೀಲದಲ್ಲಿರಲಿ. ಹೊರಡುವಾಗ ಗಾಳಿಗೆ ಎದುರಾಗಿ ನಡೆದರೆ ಸುಸ್ತಾಗಿ ವಾಪಸು ಬರುವಾಗ ಅದು ಬೆನ್ನಿಗಿರುತ್ತದೆ. ಅತ್ತೆಯವರಿಗೆ ಮಡಚುವ ಸ್ಟೂಲ್ ಒಂದು ತೆಗೆದುಕೊಳ್ಳಿ, ಏರಿ ಮೇಲೆ ಬೆಂಚುಗಳು ಬಲು ಕಡಿಮೆ.

ದುರ್ಬೀನು

ಹಕ್ಕಿ ವಿಷಯ ಯಾರೂ ಎತ್ತಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಮೇ ತಿಂಗಳಲ್ಲಿ ವಿಕೆನ್‌ಗೆ ಬೆಳಿಗ್ಗೆ ಬೇಗ ಹೋದರೆ ಇಂಗ್ಲೆಂಡಿನ ಕೋಗಿಲೆ ಕೂಗುವುದು ಕೇಳಿಸುತ್ತದೆ. ನಮ್ಮ ಕೋಗಿಲೆ ಕಾಗೆ ಗೂಡಲ್ಲಿ ಮೊಟ್ಟೆ ಇಡುತ್ತದೆ ಅಂತ ಮಾವನಿಗೆ ಗೊತ್ತಿರುತ್ತದೆ. ಇಲ್ಲಿಯದು ಜೊಂಡಿನಲ್ಲಿ ಗೂಡು ಕಟ್ಟುವ ರೀಡ್ ವಾರ್ಬ್ಲರ್ ಅನ್ನುವ ಪುಟ್ಟ ಹಕ್ಕಿಯ ಗೂಡನ್ನು ಆರಿಸಿಕೊಳ್ಳುತ್ತದೆ. ಅದರ ಮೊಟ್ಟೆಯ ಹಾಗೇ ಹಸಿರು ಬಣ್ಣ, ಕಂದು ಚುಕ್ಕೆ ಇರುವ ಮೊಟ್ಟೆ ಇಡುತ್ತದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನಿಕ್ ಡೇವಿಸ್ ದಶಕಗಳ ಕಾಲ ಇದನ್ನು ವಿಕೆನ್‌ನಲ್ಲೇ ಅಧ್ಯಯನ ಮಾಡಿದರು. ಮರಿ ಹೊರಬಂದ ಕೆಲವೇ ಗಂಟೆಗಳಲ್ಲಿ, ಕಣ್ಣು ಕೂಡ ತೆರೆಯುವ ಮೊದಲೇ, ಉಳಿದ ಮೊಟ್ಟೆಗಳನ್ನು ಬೆನ್ನ ಮೇಲೆ ಹೊತ್ತು ಗೂಡಿನಿಂದ ಹೊರಗೆ ತಳ್ಳುತ್ತದೆ. ಆಮೇಲೆ ತನಗಿಂತ ಎಷ್ಟೋ ದೊಡ್ಡದಾದ ಆ ಮರಿಗೆ ಪುಟ್ಟ ತಾಯಿ ಹುಳ ಹಿಡಿದು ತಿನ್ನಿಸುತ್ತಿರುತ್ತದೆ. ತಾತ, ಮೊಮ್ಮಗಳು ಇಬ್ಬರಿಗೂ ಮಾತಾಡಲು ಇದಕ್ಕಿಂತ ಬೇರೇನು ಬೇಕು!

ಕಾರು ಎರಡು ಟ್ರಿಪ್ ಮಾಡಬಹುದಾದರೆ ಲೇಕನ್‌ಹೀತ್ ಫೆನ್ ನೋಡಿ. ಅದು ಕ್ಯಾರೆಟ್ ಬೆಳೆಯುವ ಹೊಲವಾಗಿತ್ತು. 1995ರಲ್ಲಿ ಹಕ್ಕಿಗಳನ್ನು ಕಾಪಾಡುವ ಆರ್‌ಎಸ್‌ಪಿಬಿ ಸಂಸ್ಥೆ ಕೊಂಡು ಮತ್ತೆ ನೀರು ನಿಲ್ಲಿಸಿ ಜೊಂಡು ಬೆಳೆಸಿತು. 2007ರಲ್ಲಿ ಕ್ರೌಂಚ ಪಕ್ಷಿಗಳು ಅಲ್ಲಿ ಗೂಡು ಕಟ್ಟಿದವು. ಫೆನ್‌ನಲ್ಲಿ ಸುಮಾರು 400 ವರ್ಷ ಅವು ಮರಿ ಮಾಡಿರಲಿಲ್ಲ. ನೀರು ವಾಪಸು ಕೊಟ್ಟರೆ ಹಕ್ಕಿ ವಾಪಸು ಬರುತ್ತದೆ ಅನ್ನುವುದನ್ನು ನಾನು ಅಲ್ಲಿ ಕಣ್ಣಿಂದ ನೋಡಿ ನಂಬಿದೆ.

ಸೈಕಲ್ ಸವಾರ

ಬಸ್ಸಲ್ಲಿ ಆಗುವ ಒಂದು ಬಿಟ್ಟುಹೋಗಿತ್ತು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಕೇಂಬ್ರಿಡ್ಜ್‌ನಿಂದ ಗೈಡೆಡ್ ಬಸ್‌ವೇ ಹಿಡಿದು ಸೇಂಟ್ ಐವ್ಸ್‌ಗೆ ಹೋಗಿ. 2011ರಲ್ಲಿ ಶುರುವಾದ ಈ ಬಸ್ಸು ಕಾಂಕ್ರೀಟ್ ಹಳಿಯಂಥ ದಾರಿಯಲ್ಲಿ ಓಡುತ್ತದೆ, ಮಕ್ಕಳಿಗೆ ಅದೇ ಒಂದು ಸಂಭ್ರಮ. ಊರಿನ ಹಳೆ ಸೇತುವೆಯ ನಡುವೆ 15ನೇ ಶತಮಾನದ ಪುಟ್ಟ ಚಾಪೆಲ್ ಇದೆ. ಅದನ್ನು ನೋಡಿಕೊಂಡು ಥಿಕೆಟ್ ಪಾತ್ ಅನ್ನುವ ಗಟ್ಟಿ ದಾರಿಯಲ್ಲಿ ಹೌಟನ್ ಹಳ್ಳಿಗೆ ನಡೆಯಿರಿ, ಎರಡು ಮೈಲಿ ಚಿಲ್ಲರೆ. ಮರಗಳ ನೆರಳಿದೆ, ಫೆನ್ ಕಡೆ ಅದು ಅಪರೂಪ. ಕೊನೆಗೆ ಹೌಟನ್ ಮಿಲ್ ಅನ್ನುವ ಹಳೆ ನೀರುಗಿರಣಿ. ಒಳಗೆ ಈಗಲೂ ಕಲ್ಲಿನಲ್ಲಿ ಗೋಧಿ ಬೀಸುತ್ತಾರೆ, ಹಿಟ್ಟು ಮಾರುತ್ತಾರೆ. ನಾವು ಆ ಹಿಟ್ಟಲ್ಲಿ ಚಪಾತಿ ಮಾಡಿದ್ದೇವೆ, ಸ್ವಲ್ಪ ತರಿ ಇರುತ್ತದೆ, ರುಚಿ ಚೆನ್ನಾಗಿದೆ. ಗಿರಣಿ ಯಾವಾಗ ಓಡುತ್ತದೆ ಅಂತ ನೋಡಿಕೊಂಡು ಹೋಗಿ.

ವಾಪಸು ಬರುವಾಗ ಹೆಮಿಂಗ್‌ಫರ್ಡ್ ಹುಲ್ಲುಗಾವಲಿನ ಮೇಲೆ ಬರಬಹುದು. ಆದರೆ ಗೇಟುಗಳಿವೆ, ನೆಲ ಉಬ್ಬುತಗ್ಗು. ಬಗ್ಗಿ ಜೊತೆ ಇದ್ದವರು ಬಂದ ದಾರಿಯಲ್ಲೇ ಬನ್ನಿ.

ಇನ್ನೊಂದು. ಓಎಸ್ (ಇಲ್ಲಿಯ ಸರ್ಕಾರಿ ನಕ್ಷೆ ಸಂಸ್ಥೆ) ಎಕ್ಸ್‌ಪ್ಲೋರರ್ ನಕ್ಷೆ 226 ತೆಗೆದುಕೊಳ್ಳಿ, ಈಲಿ ಸುತ್ತಲಿನದು ಅದರಲ್ಲಿದೆ. ದಾರಿಯಲ್ಲಿ ಕಂಬ, ಗೇಟುಗಳ ಮೇಲೆ ಹಳದಿ ಬಾಣ ಇರುವುದು ಕಾಲುದಾರಿ, ಅದರಲ್ಲಿ ತಡಮೆ ಅಡ್ಡ ಬರಬಹುದು. ನೀಲಿ ಬಾಣದ್ದು ಕುದುರೆಯೂ ಹೋಗುವ ದಾರಿ, ಹಾಗಾಗಿ ತಡಮೆ ಇರುವುದಿಲ್ಲ. ಮಂಡಿ ನೋವಿನವರಿಗೂ ಬಗ್ಗಿಗೂ ನೀಲಿಯೇ ವಾಸಿ. ಮಳೆ ಬಿದ್ದ ವಾರ ಮಾತ್ರ ಬೇಡ, ಕುದುರೆ ತುಳಿದ ಕೆಸರು ಚಕ್ರಕ್ಕೆ ಅಂಟಿದರೆ ಬಿಡುವುದಿಲ್ಲ.

ಚಾರಣಪ್ರಿಯ

ಹೋಮ್ ಫೆನ್ ಕಂಬದ ವಿಷಯ ನನಗೆ ಗೊತ್ತಿರಲಿಲ್ಲ. ಬರುವ ಶನಿವಾರ ಮಕ್ಕಳ ಜೊತೆ ಹೋಗುತ್ತಿದ್ದೇನೆ. ಹತ್ತಿರದಲ್ಲಿ ಊಟಕ್ಕೆ ಏನಾದರೂ ಸಿಗುತ್ತದೆಯೇ?

ಈಲಿವಾಸಿ

ಬುತ್ತಿ ಕಟ್ಟಿಕೊಂಡು ಹೋಗಿ ಸರ್. ಕಂಬದ ಹತ್ತಿರ ಏನೂ ಸಿಗುವುದಿಲ್ಲ. ಪುಳಿಯೋಗರೆ, ಫ್ಲಾಸ್ಕಲ್ಲಿ ಕಾಫಿ ಸಾಕು. ಹೋಗುವ ರಸ್ತೆಯಲ್ಲಿ ನಿಧಾನ. ಪೀಟ್ ಮೇಲೆ ಹಾಕಿದ ರಸ್ತೆಗಳು ಅಲೆ ಅಲೆಯಾಗಿ ಎದ್ದಿರುತ್ತವೆ, ಹಿಂದೆ ಕೂತ ಮಕ್ಕಳಿಗೆ ವಾಂತಿ ಬರಬಹುದು.

ಶಿವಮೊಗ್ಗದವಳು

ಮೊದಲ ಶನಿವಾರ ಈಲಿ, ಆಮೇಲೆ ಸೇಂಟ್ ಐವ್ಸ್, ವಿಕೆನ್‌ಗೆ ಟ್ಯಾಕ್ಸಿ. ಹೀಗೆ ಅಂತ ಮನೆಯಲ್ಲಿ ಮಾತಾಯಿತು. ಬೇಟ್ಸ್ ಬೈಟ್ ಲಾಕ್ ಸಂಜೆಗೆ.

ಕೊನೆಯದೊಂದು ಪ್ರಶ್ನೆ. ಡಿಸೆಂಬರ್‌ನಲ್ಲಿ ನನ್ನ ಅಪ್ಪ, ಅಮ್ಮ ಬರುತ್ತಾರೆ. ಆಗ ಈ ಯಾವ ಜಾಗವೂ ಆಗುವುದಿಲ್ಲವೇ? ಚಳಿಗೆ ಮನೆಯಲ್ಲೇ ಕೂರಿಸಲು ಮನಸ್ಸಿಲ್ಲ.

ದುರ್ಬೀನು

ಡಿಸೆಂಬರ್‌ಗೆ ವೆಲ್ನಿ ಇಟ್ಟುಕೊಳ್ಳಿ ಅಕ್ಕ. ಮೇಲೆ ಹೇಳಿದ ಹಳೆ, ಹೊಸ ಬೆಡ್‌ಫರ್ಡ್ ನದಿಗಳ ನಡುವೆ ಸುಮಾರು 20 ಮೈಲಿ ಉದ್ದದ ಪಟ್ಟಿ ಇದೆ, ಅದೇ ಊಸ್ ವಾಷಸ್. ಚಳಿಗಾಲದಲ್ಲಿ ನದಿಯ ಹೆಚ್ಚಾದ ನೀರನ್ನು ಅಲ್ಲಿಗೆ ಬಿಡುತ್ತಾರೆ. ಐಸ್‌ಲ್ಯಾಂಡ್‌ನಿಂದ ಸಾವಿರಾರು ಹೂಪರ್ ಹಂಸಗಳು ಬಂದು ಆ ನೀರಲ್ಲಿ ರಾತ್ರಿ ಕಳೆಯುತ್ತವೆ. ಹಗಲು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಗದಗ ಕಡೆ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ಬರುವುದನ್ನು ನಿಮ್ಮ ಅಪ್ಪ ನೋಡಿದ್ದರೆ ಅವರಿಗೆ ಈ ದಿನಚರಿ ಗೊತ್ತೇ ಇರುತ್ತದೆ. ಅವೂ ಹೊಲಕ್ಕೆ ಹೋಗಿ ಮೇದು ಕೆರೆಗೆ ವಾಪಸು ಬರುವವು.

ವೆಲ್ನಿಯಲ್ಲಿ ನೀರುಹಕ್ಕಿ, ಜೌಗು ನೆಲ ಕಾಪಾಡುವ ಡಬ್ಲ್ಯೂಡಬ್ಲ್ಯೂಟಿ ಸಂಸ್ಥೆಯವರ ಕೇಂದ್ರದಲ್ಲಿ ಹೀಟರ್ ಇರುವ ದೊಡ್ಡ ವೀಕ್ಷಣಾ ಕೋಣೆ ಇದೆ. ಗಾಜಿನ ಹಿಂದೆ ಬೆಚ್ಚಗೆ ಕೂತು ನೋಡಬಹುದು. ಗಾಲಿಕುರ್ಚಿ, ಬಗ್ಗಿ ಎರಡೂ ಹೋಗುತ್ತವೆ. ಟಿಕೆಟ್ ಇದೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಹಂಸಗಳು ವಾಪಸು ಬರುವುದೂ ಆಗಲೇ. ಎರಡೂವರೆಗೆಲ್ಲ ಅಲ್ಲಿರಿ.

ರಸ್ತೆ ವಿಷಯ ನೆನಪಿಡಿ. ವಾಷಸ್ ತುಂಬಿದಾಗ ವೆಲ್ನಿ ಹಳ್ಳಿ ಹತ್ತಿರ ಎ1101 ರಸ್ತೆ ಮುಳುಗುತ್ತದೆ. ಕೇಂದ್ರ ಇರುವುದು ಪೂರ್ವದ ದಡದಲ್ಲಿ. ನೀವು ಈಲಿ, ಲಿಟಲ್‌ಪೋರ್ಟ್ ಮೇಲೆ ಬಂದರೆ ಆ ಮುಳುಗುವ ಭಾಗ ದಾಟಬೇಕಾಗಿಲ್ಲ. ಜಿಪಿಎಸ್ ಮಾರ್ಚ್ ಅನ್ನುವ ಊರಿನ ಕಡೆಯಿಂದ ಹೋಗು ಅಂದರೆ ಕೇಳಬೇಡಿ. ಹೊರಡುವ ಮುಂಚೆ ಅವರ ವೆಬ್‌ಸೈಟಲ್ಲಿ ರಸ್ತೆ ತೆರೆದಿದೆಯೋ ನೋಡಿಕೊಳ್ಳಿ.